ಬಸಿಗಾಲುವೆ ಇಲ್ಲದ ಶೂ

ಶೂ ಬಗ್ಗಿಸಿದಾಗ ನೀರು ಸುರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ತೀರ್ಥಹಳ್ಳಿ ಕಡೆಯ ಸೋದರಮಾವನ ಮನೆ. ಪುನರ್ವಸು ಮಳೆ ಹಿಡಿದಿತ್ತು. ಬೆಳಗ್ಗೆ ಒಂಬತ್ತು ಗಂಟೆಗೂ ಒಳಗೆ ದೀಪ ಹಾಕಬೇಕು, ಅಷ್ಟು ಮೋಡ. ಗದ್ದೆ, ತೋಟ, ಗುಡ್ಡ ಅಂತ ಎರಡೂವರೆ ಗಂಟೆ ಓಡಿ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಬಲಗಾಲಿನ ಶೂ ಬಿಚ್ಚಿ ಓರೆ ಮಾಡಿದೆ. ಚೊಂಬಿನಿಂದ ಸುರಿದ ಹಾಗೆ ನೀರು ಸುರಿಯಿತು. ಕೆಮ್ಮಣ್ಣು ಕಲಸಿದ ನೀರು. ಅದರ ಜೊತೆ ಒಂದೆರಡು ಕೊಳೆತ ಎಲೆ, ಒಂದು ಇಂಬಳ. ಆ ಶೂ ಬಂದ ಡಬ್ಬದ ಮೇಲೆ ದೊಡ್ಡದಾಗಿ ವಾಟರ್‌ಪ್ರೂಫ್ ಅಂತ ಬರೆದಿತ್ತು. ಅದೇ ಶೂನ ಸಾದಾ ಮಾದರಿಯೂ ಅಂಗಡಿಯಲ್ಲಿತ್ತು. ಮಳೆಗಾಲದಲ್ಲಿ ಊರಿನ ಕಡೆ ಓಡುವುದಕ್ಕೆ ಅಂತಲೇ ಮೂರು ಸಾವಿರ ಜಾಸ್ತಿ ಕೊಟ್ಟು ವಾಟರ್‌ಪ್ರೂಫ್ ತಂದಿದ್ದೆ.

ಮಾವ ಪಕ್ಕದಲ್ಲೇ ಕವಳ ಹಾಕುತ್ತಾ ಕೂತಿದ್ದರು. ಶೂ ಕೈಗೆ ತಗೊಂಡರು. ತಿರುಗಿಸಿ ನೋಡಿದರು, ಒಳಗೆ ಬೆರಳು ಹಾಕಿದರು, ಅಟ್ಟೆ ಒತ್ತಿದರು. "ನೀರು ಹೋಗಕ್ಕೆ ಎಲ್ಲೂ ಜಾಗ ಇಲ್ವಲ್ಲ ಮಾರಾಯ್ತಿ. ಇದಕ್ಕೆ ಬಸಿಗಾಲುವೆ ಎಲ್ಲಿ?" ಅಂತ ಕೇಳಿದರು. ಐವತ್ತು ವರ್ಷ ಅಡಿಕೆ ತೋಟ ಮಾಡಿದವರು ಕೇಳಿದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಾಗಿ ಎರಡು ಮಳೆಗಾಲ ಕಳೆದಿವೆ, ಮೂರು ಜೊತೆ ಶೂ ಸವೆದಿವೆ. ಒದ್ದೆ ನೆಲದಲ್ಲಿ ಓಡುವವರಿಗೆ ಎಂಥ ಶೂ ಬೇಕು ಅನ್ನುವ ಯೋಚನೆ ಬಂದಾಗೆಲ್ಲ ನಾನು ಆ ಪ್ರಶ್ನೆಗೇ ವಾಪಸ್ ಬರುತ್ತೇನೆ.

ಮೊದಲ ಇಪ್ಪತ್ತು ನಿಮಿಷ

ಶೂ ನನಗೆ ಮೋಸ ಮಾಡಿತು ಅಂತ ನಾನು ಹೇಳುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಅದು ಕೊಟ್ಟ ಮಾತಿಗೆ ತಪ್ಪಲಿಲ್ಲ. ಗದ್ದೆ ಅಂಚಿನ ಮೇಲೆ ಓಡುತ್ತಿದ್ದೆ. ಎರಡೂ ಕಡೆಯ ಹುಲ್ಲು ಕಾಲಿಗೆ ಬಡಿಯುತ್ತಿತ್ತು. ಕೆಸುವಿನ ಎಲೆ ಮೇಲೆ ಹನಿ ಉರುಳುವುದನ್ನು ನೋಡಿದ್ದೀರಲ್ಲ, ಹಾಗೆ ಶೂ ಮೇಲಿನ ಹನಿಗಳು ಉರುಳಿ ಬಿದ್ದು ಹೋಗುತ್ತಿದ್ದವು. ಒಳಗೆ ಕಾಲು ಬೆಚ್ಚಗಿತ್ತು. ಆಮೇಲೆ ಹಳ್ಳ ಬಂತು. ಬೇಸಿಗೆಯಲ್ಲಿ ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ಟು ದಾಟುವ ಹಳ್ಳ ಅದು. ಆಷಾಢದಲ್ಲಿ ಮೊಣಕಾಲಿಗಿಂತ ಸ್ವಲ್ಪ ಕೆಳಗಿನವರೆಗೆ ನೀರಿತ್ತು. ಹರಿವು ಜೋರಿರಲಿಲ್ಲ, ಚಿಕ್ಕಂದಿನಿಂದ ಕಂಡ ಜಾಗ, ಹಾಗಾಗಿ ಇಳಿದೆ. (ಹರಿವು ಜೋರಿದ್ದರೆ, ತಳ ಕಾಣದಿದ್ದರೆ, ಗೊತ್ತಿಲ್ಲದ ಹಳ್ಳವಾದರೆ ದಯವಿಟ್ಟು ಇಳಿಯಬೇಡಿ. ಎಂಥ ಶೂ ಇದ್ದರೂ ಹಿಂದಕ್ಕೆ ತಿರುಗಿ.)

ನೀರು ಶೂನ ಬಟ್ಟೆಯೊಳಗಿಂದ ಬರಲಿಲ್ಲ. ಮೇಲಿನಿಂದ, ಕಾಲು ತೂರಿಸುವ ಬಾಯಿಂದ ಬಂತು. ಎರಡು ಸೆಕೆಂಡ್ ಸಾಕಾಯಿತು. ಆಚೆ ದಡಕ್ಕೆ ಹತ್ತಿದ ಮೇಲೆ ಸಾದಾ ಜಾಲರಿ ಶೂ ಆಗಿದ್ದರೆ ಹತ್ತು ಹದಿನೈದು ಹೆಜ್ಜೆಗೆ ಹೆಚ್ಚಿನ ನೀರು ಪಕ್ಕದಿಂದ ಹಿಂಡಿಕೊಂಡು ಹೋಗುತ್ತಿತ್ತು. ಇದರಲ್ಲಿ ಹೋಗಲಿಲ್ಲ. ಹೊರಗಿನ ನೀರು ಒಳಗೆ ಬರದ ಹಾಗೆ ತಡೆಯುವ ಪೊರೆ ಒಳಗಿನ ನೀರು ಹೊರಗೆ ಹೋಗದ ಹಾಗೂ ತಡೆಯುತ್ತದೆ. ಪ್ರತಿ ಹೆಜ್ಜೆಗೂ ಪಚಕ್ ಪಚಕ್. ಹಿಮ್ಮಡಿ ಒಳಗೇ ಜಾರುತ್ತಿತ್ತು. ಅಲ್ಲಿಂದ ಗುಡ್ಡ ಹತ್ತಿ ಇಳಿದು ಮನೆ ಮುಟ್ಟುವವರೆಗೆ, ಹೆಚ್ಚುಕಮ್ಮಿ ಎರಡು ಗಂಟೆ, ಎರಡೂ ಕಾಲಿಗೆ ಒಂದೊಂದು ಪಾತ್ರೆ ನೀರು ಕಟ್ಟಿಕೊಂಡೇ ಓಡಿದೆ.

ಹಳ್ಳ ಇಲ್ಲದಿದ್ದರೂ ಆಗುವುದು ಇದೇ, ಸ್ವಲ್ಪ ನಿಧಾನಕ್ಕೆ. ಮಲೆನಾಡಿನ ಮಳೆ ನೆಲದಿಂದ ಮಾತ್ರ ಕಾಲಿಗೆ ತಾಗುವುದಿಲ್ಲ. ತಲೆಯಿಂದ, ಬೆನ್ನಿನಿಂದ, ತೊಡೆಯಿಂದ ಇಳಿದು ಬರುತ್ತದೆ. ಕಾಲುಚೀಲ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ನೀರನ್ನು ಎಳೆದು ಪಾದಕ್ಕೆ ಇಳಿಸುತ್ತದೆ. ಮಾವ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಕೊಟ್ಟೆ, ಅಂದರೆ ಚೀಲದಂಥ ಹೊದಿಕೆ, ಕಟ್ಟಿಸುತ್ತಾರೆ, ಕೊಳೆ ರೋಗ ತಾಗದಿರಲಿ ಅಂತ. ಆ ಪ್ಲಾಸ್ಟಿಕ್ ಕೊಟ್ಟೆಯ ಬಾಯಿ ಕೆಳಗಿರುತ್ತದೆ. ಮೇಲಿಂದ ಬಿದ್ದ ಮಳೆ ಜಾರಿ ಹೋಗುತ್ತದೆ, ಒಳಗಿನ ಹಬೆ ಕೆಳಗಿನಿಂದ ಹೋಗುತ್ತದೆ. ಅದೇ ಕೊಟ್ಟೆಯನ್ನು ತಲೆಕೆಳಗು ಮಾಡಿ ಕಟ್ಟಿದರೆ? ನಾನು ಕಾಲಿಗೆ ಹಾಕಿಕೊಂಡಿದ್ದು ಅಂಥದ್ದನ್ನೇ. ಇದು ಮಾವನ ಪಕ್ಕ ಕೂತಾಗ ಹೊಳೆಯಿತು.

ಪೊರೆ ಕೆಲಸ ಮಾಡುವ ಬಗೆ

ಹಾಗಂತ ಈ ಪೊರೆ ಸಣ್ಣ ಸಾಧನೆ ಏನಲ್ಲ. ಅದರ ಕತೆ ಓದಿದಾಗ ನನಗೆ ನಿಜವಾಗಿ ಗೌರವ ಮೂಡಿತು. ಇಂಥ ಪೊರೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಗೋರ್‌ಟೆಕ್ಸ್. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಕಡ್ಡಿಗಳನ್ನು ಕಾಯಿಸಿ ಎಳೆದು ನೋಡುತ್ತಿದ್ದರು. ನಮ್ಮ ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಟೆಫ್ಲಾನ್ ಕೂಡ ಅದೇ ವಸ್ತು. ನಿಧಾನವಾಗಿ ಎಳೆದರೆ ಕಡ್ಡಿ ಮುರಿಯುತ್ತಿತ್ತು. ಬೇಸತ್ತು ಒಮ್ಮೆ ಜೋರಾಗಿ ಜಗ್ಗಿದರು. ಕಡ್ಡಿ ಮುರಿಯದೆ ಸುಮಾರು 10 ಪಟ್ಟು ಉದ್ದಕ್ಕೆ ಎಳೆದುಕೊಂಡು ಬಂತು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಆ ರಂಧ್ರ ನೀರಿನ ಹನಿಗಿಂತ ಸುಮಾರು 20,000 ಪಟ್ಟು ಚಿಕ್ಕದು, ಆದರೆ ಆವಿಯ ಒಂದು ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಹನಿ ಒಳಗೆ ಬರಲಾರದು, ಬೆವರಿನ ಆವಿ ಹೊರಗೆ ಹೋಗಬಲ್ಲದು. 1976ರ ಹೊತ್ತಿಗೆ ಅದು ಬಟ್ಟೆಯಾಗಿ ಮಾರುಕಟ್ಟೆಗೆ ಬಂತು. ಚಳಿ ದೇಶದ ಬೆಟ್ಟ ಹತ್ತುವವರಿಗೆ ಅದು ಎಷ್ಟು ದೊಡ್ಡ ನೆಮ್ಮದಿ ತಂದಿರಬಹುದು ಅಂತ ಊಹಿಸಬಹುದು.

ಆದರೆ ಆವಿ ಸುಮ್ನೆ ಹೊರಗೆ ಹೋಗುವುದಿಲ್ಲ. ಒಳಗೆ ಆವಿ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಅದು ಆ ಕಡೆ ಹರಿಯುತ್ತದೆ. ಎರಡೂ ಕಡೆಯ ವ್ಯತ್ಯಾಸ ಕಡಿಮೆಯಾದಷ್ಟೂ ಹರಿವು ನಿಧಾನ. ಯುರೋಪಿನ ಬೆಟ್ಟದಲ್ಲಿ ಹೊರಗೆ ತಣ್ಣನೆಯ ಒಣ ಗಾಳಿ ಇರುತ್ತದೆ, ಒಳಗೆ ಬಿಸಿ ಪಾದ. ಅಲ್ಲಿ ಪೊರೆ ತನ್ನ ಕೆಲಸ ಚೆನ್ನಾಗಿ ಮಾಡುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಮಾವನ ಮನೆಗೆ ದೂರವಲ್ಲ. ಜುಲೈ ತಿಂಗಳಲ್ಲಿ ಅಲ್ಲಿ ಹಗ್ಗಕ್ಕೆ ಹಾಕಿದ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರು ಒಡೆಯುತ್ತದೆ. ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕ ಇಡದಿದ್ದರೆ ಕಡ್ಡಿ ಹತ್ತುವುದಿಲ್ಲ. ಹಗ್ಗದ ಮೇಲಿನ ಟವೆಲಿನಿಂದಲೇ ನೀರು ತಗೊಳ್ಳದ ಗಾಳಿ, ಶೂ ಒಳಗಿನ ಬೆವರನ್ನು ತಗೊಂಡೀತಾ? ನಮ್ಮ ಎರಡು ಪಾದಗಳಲ್ಲಿ ಸುಮಾರು 2.5 ಲಕ್ಷ ಬೆವರಿನ ಗ್ರಂಥಿಗಳಿವೆ ಅನ್ನುತ್ತಾರೆ. ಗುಡ್ಡ ಹತ್ತುವಾಗ ಅವೆಲ್ಲ ಕೆಲಸ ಮಾಡುತ್ತವೆ. ಹಳ್ಳಕ್ಕೆ ಇಳಿಯದಿದ್ದರೂ ಗಂಟೆ ಕಳೆದ ಮೇಲೆ ಕಾಲುಚೀಲ ಬೆವರಿನಿಂದಲೇ ನೆನೆದಿರುತ್ತದೆ.

ಇನ್ನೊಂದು ವಿಷಯ ಇದೆ. ಹನಿ ಉರುಳಿ ಬೀಳುವಂತೆ ಮಾಡುವುದು ಒಳಗಿನ ಪೊರೆ ಅಲ್ಲ, ಹೊರಬಟ್ಟೆಯ ಮೇಲೆ ಹಚ್ಚಿದ ಲೇಪ. ಕೆಸರು, ಉಜ್ಜಾಟ, ತೊಳೆಯುವುದು ಇವುಗಳಿಂದ ಆ ಲೇಪ ಬೇಗ ಸವೆಯುತ್ತದೆ. ಆಮೇಲೆ ಹೊರಬಟ್ಟೆ ನೀರು ಕುಡಿಯುತ್ತದೆ. ಪೊರೆ ಹರಿಯದೆ ಸರಿಯಾಗಿಯೇ ಇದ್ದರೂ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿದ ಹಾಗಾಗಿ ಆವಿ ಹೋಗುವ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಶೂ ಭಾರವೂ ಆಗುತ್ತದೆ. ಒದ್ದೆಯಾದ ವಾಟರ್‌ಪ್ರೂಫ್ ಶೂ ಒಣಗುವುದಕ್ಕೆ ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಒಳಗೆ ಬೂಸು ಹಿಡಿದಿತ್ತು.

ಬಿಸಿ ಮೊಳೆಯ ತೂತು

ಅವತ್ತು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ಮಾವನ ಜೊತೆ ತೋಟಕ್ಕೆ ಇಳಿದೆ. ಅಡಿಕೆ ಸಾಲುಗಳ ಮಧ್ಯೆ ಬಸಿಗಾಲುವೆ ತುಂಬಿ ಹರಿಯುತ್ತಿತ್ತು. ಮಾವ ಗುದ್ದಲಿ ಹಿಡಿದು ಒಂದು ಕಡೆ ಸಿಕ್ಕಿಕೊಂಡಿದ್ದ ಸೋಗೆ, ಹಾಳೆ ಎಳೆದು ಹಾಕಿದರು. ನಿಂತ ನೀರು ಒಮ್ಮೆಲೇ ಸರ್ರನೆ ಹೊರಟಿತು. "ತೋಟಕ್ಕೆ ನೀರು ಬರ್ದಂಗೆ ಮಾಡಕ್ಕೆ ಯಾರಿಂದ ಆಗತ್ತೆ? ಬರ್ಲಿ. ನಿಲ್ಬಾರ್ದು ಅಷ್ಟೆ. ನಿಂತ್ರೆ ಬೇರು ಕೊಳಿತದೆ" ಅಂದರು. ಚಿಕ್ಕಂದಿನಿಂದ ನೂರು ಸಲ ಆ ಕಾಲುವೆ ಹಾರಿದ್ದೇನೆ. ಅದು ನನ್ನ ಕಾಲಿಗೂ ಸಂಬಂಧಪಟ್ಟ ಮಾತು ಅಂತ ಅವತ್ತೇ ಅನ್ನಿಸಿದ್ದು.

ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರು ಅಲ್ಲೇ ಸೊಪ್ಪು ಹೊರುತ್ತಿದ್ದರು. ಅವರ ಕಾಲಲ್ಲಿ ಸಂತೆಯಲ್ಲಿ ಸಿಗುವ ಕಪ್ಪು ಪ್ಲಾಸ್ಟಿಕ್ ಶೂ ಇತ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಶೂ, ಹೊಲಿಗೆ ಇಲ್ಲ, ಅಂಟು ಇಲ್ಲ. ಕೆಸರಿನಿಂದ ಅವರು ಕಾಲು ಎತ್ತಿದಾಗೆಲ್ಲ ಶೂ ಪಕ್ಕದಿಂದ ಸಣ್ಣಗೆ ನೀರು ಚಿಮ್ಮುತ್ತಿತ್ತು. ನಾನು ಬಗ್ಗಿ ನೋಡಿದೆ. ಅಟ್ಟೆಗಿಂತ ಸ್ವಲ್ಪ ಮೇಲೆ, ಎರಡೂ ಬದಿಗೆ ಮೂರು ಮೂರು ತೂತು. ಅಂಚು ಕರಗಿ ಗಟ್ಟಿಯಾಗಿ ಉಂಗುರದ ಹಾಗೆ ಕೂತಿತ್ತು. "ಒಲೇಲಿ ಮೊಳೆ ಕಾಸಿ ನಾನೇ ತೂತು ಮಾಡ್ಕೊಂಡಿದ್ದು ತಂಗಿ. ಇಲ್ಲಾಂದ್ರೆ ಒಳಗೆ ನೀರು ನಿಂತು ಕಾಲು ಬೆಳ್ಳಗಾಗ್ತದೆ" ಅಂದರು. ನೀರು ಬಾರದ ಪ್ಲಾಸ್ಟಿಕ್ ಶೂ ಕೊಂಡು, ನೀರು ಹೋಗಲಿ ಅಂತ ಕೈಯಾರೆ ತೂತು ಮಾಡಿಕೊಂಡಿದ್ದರು. ದಿನಕ್ಕೆ ಎಂಟು ಗಂಟೆ ನೀರಲ್ಲಿ ನಿಲ್ಲುವವರಿಗೆ ಗೊತ್ತಿರುವಷ್ಟು ಅಂಗಡಿಯಲ್ಲಿ ನನಗೆ ಶೂ ತೋರಿಸಿದವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಬುದ್ಧಿ ಅಲ್ಲ. ಮಲೇಷ್ಯಾದ ಮಳೆಕಾಡುಗಳಲ್ಲಿ ನಡೆಯುವವರು, ಓಡುವವರು ಅಗ್ಗದ ರಬ್ಬರ್ ಶೂ ಹಾಕುತ್ತಾರೆ. ಅಲ್ಲಿ ಅದಕ್ಕೆ ಪ್ರೀತಿಯಿಂದ ಕಂಪುಂಗ್ ಅಡಿಡಾಸ್ ಅನ್ನುತ್ತಾರೆ, ಅಂದರೆ ಹಳ್ಳಿ ಅಡಿಡಾಸ್. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಬೆಟ್ಟ ಹತ್ತಿ ಇಳಿದದ್ದು ಸಾದಾ ಟೆನಿಸ್ ಶೂನಲ್ಲಿ. ಅಲ್ಲಿನ ಬೆಟ್ಟಗಳ ಮೇಲೂ ಜೌಗು ಜಾಸ್ತಿ. ಇವತ್ತಿಗೂ ಅಲ್ಲಿ ಬೆಟ್ಟ ಓಡುವವರಲ್ಲಿ ಹೆಚ್ಚಿನವರು ಹಾಕುವುದು ತೆಳು ಮೇಲ್ಬಟ್ಟೆಯ, ಅಟ್ಟೆಯ ಅಡಿಗೆ ಆಳ ಹಲ್ಲುಗಳಿರುವ ಹಗುರ ಶೂ.

ಕವಲೇದುರ್ಗದ ಕಲ್ಲು

ನೀರಿನ ವಿಷಯ ಒಂದು ಹಂತಕ್ಕೆ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಒದ್ದೆ ಕಾಲು ನನ್ನನ್ನು ಯಾವತ್ತೂ ಬೀಳಿಸಿಲ್ಲ. ಬೀಳಿಸಿದ್ದು ಅಟ್ಟೆ. ಆ ಮಳೆಗಾಲದಲ್ಲೇ ಕವಲೇದುರ್ಗಕ್ಕೆ ಹೋಗಿದ್ದೆ. ಕೆಳದಿ ಅರಸರ ಕೋಟೆ. ಶುರುವಿನಲ್ಲಿ ಗದ್ದೆ ಪಕ್ಕದ ಕೆಸರು ದಾರಿ, ಆಮೇಲೆ ಹಾಸುಗಲ್ಲಿನ ಏರು, ಮಧ್ಯೆ ಹುಲ್ಲು, ಮರದ ಬೇರು, ಮತ್ತೆ ಕಲ್ಲು. ನನ್ನ ಹೊಸ ಜಾಲರಿ ಶೂಗೆ 6 ಮಿಲಿಮೀಟರ್ ಉದ್ದದ ಹಲ್ಲುಗಳಿದ್ದವು. ಕೆಸರಿನಲ್ಲಿ ಅದು ನೇಗಿಲಿನ ಹಾಗೆ ಕಚ್ಚಿಕೊಂಡು ಹೋಯಿತು. ಹಲ್ಲುಗಳ ನಡುವೆ ಜಾಗ ಇದ್ದದ್ದರಿಂದ ಅಂಟಿದ ಮಣ್ಣು ನಾಲ್ಕು ಹೆಜ್ಜೆಗೆ ಉದುರಿ ಬೀಳುತ್ತಿತ್ತು. ಅದೇ ಧೈರ್ಯದಲ್ಲಿ ಇಳಿಯುವಾಗ ಹಾಸುಗಲ್ಲಿನ ಮೇಲೂ ಓಡಿದೆ. ಪಾಚಿ ಕಟ್ಟಿದ ನುಣುಪು ಕಲ್ಲು. ಎಡಗಾಲು ಇಟ್ಟದ್ದು ಗೊತ್ತು, ಅದು ಹೋದದ್ದು ಗೊತ್ತಾಗಲಿಲ್ಲ. ಸೊಂಟ, ಮೊಣಕೈ ಎರಡೂ ಕಲ್ಲಿಗೆ ಬಡಿದವು. ಮೂರು ವಾರ ಓಡಲಿಲ್ಲ.

ಕಲ್ಲಿನ ಮೇಲೆ ಉದ್ದ ಹಲ್ಲು ಕಚ್ಚುವುದಕ್ಕೆ ಏನೂ ಸಿಗುವುದಿಲ್ಲ. ಹಲ್ಲಿನ ತುದಿ ಮಾತ್ರ ನೆಲಕ್ಕೆ ತಾಗಿರುತ್ತದೆ. ಅಲ್ಲಿ ಬೇಕಾದ್ದು ಮೆತ್ತಗಿನ ರಬ್ಬರು, ಮತ್ತು ನೆಲಕ್ಕೆ ತಾಗುವ ಜಾಗ ಜಾಸ್ತಿ. ಮೆತ್ತಗಿನ ರಬ್ಬರು ಕಲ್ಲಿನ ಸಣ್ಣ ಉಬ್ಬುತಗ್ಗಿನೊಳಗೆ ಕೂರುತ್ತದೆ. ಆದರೆ ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಒದ್ದೆ ಕಲ್ಲಿನಲ್ಲಿ ಕೈಕೊಡುತ್ತದೆ. ಕೆಸರಿಗೂ ಕಲ್ಲಿಗೂ ಒಂದೇ ಶೂ ಅಂದರೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡಲೇಬೇಕು. ನಾನು ಈಗ ಬಳಸುವುದು 4 ಮಿಲಿಮೀಟರ್ ಹಲ್ಲಿನ, ಉಗುರು ಒತ್ತಿದರೆ ಸ್ವಲ್ಪ ತಗ್ಗುವಷ್ಟು ಮೆತ್ತಗಿನ ಅಟ್ಟೆ. ಪಾಚಿ ಗಟ್ಟಿಯಾಗಿ ಕಟ್ಟಿದ ಕಲ್ಲು ಬಂದರೆ ಅದರಲ್ಲೂ ಓಡುವುದಿಲ್ಲ. ಅಡ್ಡ ತಿರುಗಿ, ಪಾದ ಪೂರ್ತಿ ಊರಿ ನಡೆಯುತ್ತೇನೆ. ಪಾಚಿಯ ಮೇಲೆ ನಿಲ್ಲುವ ರಬ್ಬರನ್ನು ನಾನಂತೂ ನೋಡಿಲ್ಲ.

ಈ ರಬ್ಬರ್ ಅಟ್ಟೆಯ ಹಿಂದೆ ಒಂದು ದುಃಖದ ಕತೆ ಇದೆ. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ತಂಡ ಆಲ್ಪ್ಸ್‌ನಲ್ಲಿ ಹವೆ ಕೆಟ್ಟು ಸಿಕ್ಕಿಕೊಂಡಿತು. 6 ಜನ ಸತ್ತರು. ಅವರ ಕಾಲಲ್ಲಿ ಆ ಚಳಿಗೂ ಆ ನೆಲಕ್ಕೂ ತಕ್ಕ ಶೂ ಇರಲಿಲ್ಲ. ಬ್ರಮಾನಿ ಅದನ್ನು ಮರೆಯಲಿಲ್ಲ. ಟೈರ್ ಮಾಡುವ ಪಿರೆಲ್ಲಿಯವರ ಸಹಾಯದಿಂದ 1937ರಲ್ಲಿ ಹಲ್ಲುಗಳಿರುವ ರಬ್ಬರ್ ಅಟ್ಟೆ ತಂದರು. ಆ ಅಟ್ಟೆಗಿರುವ ವಿಬ್ರಾಮ್ ಅನ್ನುವ ಹೆಸರು ಅವರದ್ದೇ ಹೆಸರಿನ ತುಣುಕುಗಳಿಂದ ಆದದ್ದು. ಕವಲೇದುರ್ಗದಲ್ಲಿ ಬಿದ್ದು ಮನೆಯಲ್ಲಿ ಮಲಗಿದ್ದಾಗ ಇದನ್ನು ಓದಿದೆ. ಶೂ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಮೇಲ್ಬಟ್ಟೆ ಮುಟ್ಟಿ ನೋಡುತ್ತೇವೆ. ಮಗುಚಿ ಅಟ್ಟೆ ನೋಡುವುದು ಕೊನೆಗೆ. ನಾನು ಈಗ ಮೊದಲು ಮಗುಚುತ್ತೇನೆ.

ಒದ್ದೆ ಕಾಲಿನ ಆರೈಕೆ

ಕಾಲು ಒದ್ದೆಯಾಗುತ್ತದೆ ಅಂತ ಒಪ್ಪಿಕೊಂಡ ಮೇಲೆ ಒದ್ದೆ ಕಾಲನ್ನು ನೋಡಿಕೊಳ್ಳುವುದು ಕಲಿಯಬೇಕು. ಇದನ್ನು ನನಗೆ ಕಲಿಸಿದ್ದು ಅತ್ತೆ. ಆಷಾಢದಲ್ಲಿ ಅವರು ತಪ್ಪದೆ ಗೋರಂಟಿ ಸೊಪ್ಪು ಅರೆದು ಕಾಲ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತಾರೆ. ಅದು ಚಂದಕ್ಕೆ ಅಂತ ನಾನು ತಿಳಿದಿದ್ದೆ. ನೆಟ್ಟಿ ಕೆಲಸಕ್ಕೆ ಇಳಿದವರ ಬೆರಳ ಸಂದಿಯಲ್ಲಿ ಹುಣ್ಣಾಗದಿರಲಿ ಅಂತ ಹಿಂದಿನವರು ಮಾಡುತ್ತಿದ್ದದ್ದು ಅಂತ ಅವರು ಹೇಳಿದರು. ನಾನು ಓಡುವ ಮುಂಚೆ ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲಿನ್ ದಪ್ಪಗೆ ಹಚ್ಚುತ್ತೇನೆ. ಹತ್ತಿಯ ಕಾಲುಚೀಲ ಬಿಟ್ಟಿದ್ದೇನೆ, ಅದು ನೀರು ಹಿಡಿದುಕೊಂಡು ಚರ್ಮ ಉಜ್ಜುತ್ತದೆ. ತೆಳು ಉಣ್ಣೆಯ ಕಾಲುಚೀಲ ಒದ್ದೆಯಾದರೂ ಬೆಚ್ಚಗಿರುತ್ತದೆ. ಮನೆಗೆ ಬಂದ ಕೂಡಲೇ ಸೋಪು ಹಾಕಿ ತೊಳೆದು, ಸಂದಿ ಸಂದಿ ಒರೆಸಿ, ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕೂರುವುದು. ಶೂವನ್ನು ಮಾತ್ರ ಒಲೆ ಹತ್ತಿರ ಇಡಬಾರದು, ಬಿಸಿಗೆ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಗಂಟೆ ಗಂಟೆಗೆ ಪೇಪರ್ ಬದಲಿಸಿದರೆ ಜಾಲರಿ ಶೂ ಮಾರನೇ ದಿನಕ್ಕೆ ಹಾಕುವಷ್ಟು ಒಣಗುತ್ತದೆ.

ಇಲಿಜ್ವರದ ವಿಷಯ ಇಲ್ಲಿ ಹೇಳಲೇಬೇಕು. ಇಲಿಯ ಉಚ್ಚೆ ಸೇರಿದ ಗದ್ದೆ ನೀರು, ನಿಂತ ನೀರು ಇದಕ್ಕೆ ಮೂಲ. ಕಾಲಲ್ಲಿ ಗಾಯ ಇದ್ದರೆ, ಚರ್ಮ ನೀರಲ್ಲಿ ನೆಂದು ಮೆತ್ತಗಾಗಿದ್ದರೆ ರೋಗಾಣು ಸುಲಭವಾಗಿ ಒಳಗೆ ಹೋಗುತ್ತದೆ. ಕಾಲಲ್ಲಿ ಗಾಯ ಇದ್ದ ದಿನ ನಾನು ಗದ್ದೆ ದಾರಿ ಹಿಡಿಯುವುದಿಲ್ಲ. ಮಳೆಯಲ್ಲಿ ಓಡಿದ ಮೇಲೆ ಮೂರು ನಾಲ್ಕು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ, ಗದ್ದೆ ನೀರಲ್ಲಿ ಓಡಾಡಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಮದ್ದು ಇದೆ.

ಕಾರ್ತಿಕದ ಇಬ್ಬನಿ

ಹಾಗಾದರೆ ವಾಟರ್‌ಪ್ರೂಫ್ ಶೂ ಯಾರಿಗೆ ಬೇಕು? ಹಿಮದ ಮೇಲೆ ನಡೆಯುವವರಿಗೆ ಬೇಕು. ಅಲ್ಲಿ ಒದ್ದೆ ಕಾಲು ಅಂದರೆ ಬೆರಳು ಕಳೆದುಕೊಳ್ಳುವ ಭಯ. ಬೆಂಗಳೂರಿನ ಜಿಟಿಜಿಟಿ ಮಳೆಯಲ್ಲಿ ಅರ್ಧ ಗಂಟೆ ಓಡಿ ಮನೆ ಸೇರುವವರಿಗೂ ಪರವಾಗಿಲ್ಲ. ನೀರು ಶೂನ ಬಾಯಿಗಿಂತ ಕೆಳಗೇ ಇರುವ ಜಾಗ, ಗಾಳಿ ತಣ್ಣಗೆ ಒಣಗಿರುವ ಹೊತ್ತು, ಅವಸರ ಇಲ್ಲದ ನಡಿಗೆ, ಈ ಮೂರೂ ಕೂಡಿದರೆ ಅದು ತುಂಬಾ ಒಳ್ಳೆಯ ಶೂ. ನಾನು ಅದನ್ನು ಹಾಕಿಕೊಂಡು ಹೋಗಿದ್ದು ಅದರದ್ದಲ್ಲದ ಜಾಗಕ್ಕೆ.

ಆ ಶೂ ಮಾವನ ಮನೆಯಲ್ಲೇ ಉಳಿದಿತ್ತು. ಬೂಸು ಉಜ್ಜಿ ತೆಗೆದು ಅಟ್ಟದ ಮೆಟ್ಟಿಲ ಕೆಳಗೆ ಇಟ್ಟು ಬಂದಿದ್ದೆ. ದೀಪಾವಳಿ ಕಳೆದು ಅಡಿಕೆ ಕೊಯ್ಲಿನ ಹೊತ್ತಿಗೆ ಮತ್ತೆ ಹೋದೆ. ಬೆಳಗ್ಗೆ ಆರು ಗಂಟೆ. ಅಂಗಳದ ಆಚೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಅತ್ತೆ ಸೀರೆ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು, ಹೂವಿನ ಬುಟ್ಟಿ ಹಿಡಿದು ದಾಸವಾಳದ ಗಿಡಗಳ ಕಡೆ ಹೋಗುತ್ತಿದ್ದರು. ಕಾಲಲ್ಲಿ ನನ್ನ ಶೂ. ನನಗೆ ಗೊತ್ತೇ ಇರಲಿಲ್ಲ, ನಮ್ಮಿಬ್ಬರದ್ದೂ ಒಂದೇ ಅಳತೆ. ಚಳಿಗಾಲ ಬಂದರೆ ಅವರ ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಇಬ್ಬನಿ ಹುಲ್ಲಿನಲ್ಲಿ ಬರಿಗಾಲಲ್ಲಿ ಓಡಾಡಿ ಅದು ಇನ್ನೂ ಜಾಸ್ತಿಯಾಗುತ್ತಿತ್ತು. ಹೂವು ಕುಯ್ದು ವಾಪಸ್ ಬಂದು ಜಗಲಿಯ ಮೇಲೆ ಕೂತು ಶೂ ಬಿಚ್ಚಿದರು. ನಾನು ಕೈ ಹಾಕಿ ನೋಡಿದೆ. ಒಳಗೆ ಒಣಗಿಯೇ ಇತ್ತು. "ಒಂಚೂರೂ ನೀರು ತಾಗ್ಲಿಲ್ಲ ನೋಡು" ಅಂತ ಅತ್ತೆ ತಮ್ಮ ಪಾದ ಮುಂದೆ ಚಾಚಿ ತೋರಿಸಿದರು.